ಯಹೂದಿಗಳ ಬಗ್ಗೆ ಹಬ್ಬುವ ಪಿತೂರಿ ಕತೆಗಳನ್ನು ಮಕ್ಕಳೇ ಗುರುತಿಸುವಂತೆ ಕಲಿಸುವುದು ಹೇಗೆ? ಗಡಿನಾಡಿನ ಶಿಕ್ಷಕರಿಗೊಂದು ಮಾರ್ಗದರ್ಶಿ

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಯಹೂದಿಗಳ ಬಗ್ಗೆ ಪಾಠವೇ? ಸ್ಟಾಫ್ ರೂಮಿನಲ್ಲಿ ಈ ಮಾತು ಬಂದೇ ಬರುತ್ತದೆ. ಮಂಜೇಶ್ವರದಿಂದ ಅಡೂರಿನವರೆಗೆ ಸುತ್ತಿದರೂ ನಮ್ಮ ಮಕ್ಕಳಿಗೆ ಒಬ್ಬ ಯಹೂದಿ ಎದುರಾಗುವುದು ಕಷ್ಟ, ನಿಜ. ಆದರೆ ಅವರ ಬಗ್ಗೆ ಕಟ್ಟಿದ ಕತೆಗಳು ಎದುರಾಗಲು ಮನೆಯ ಜಗಲಿ ಸಾಕು. ಮಲಯಾಳದ ವಿಡಿಯೊ, ಕನ್ನಡದ ವಾಟ್ಸ್‌ಆ್ಯಪ್ ಫಾರ್ವರ್ಡ್, ಇಂಗ್ಲಿಷ್ ರೀಲ್ಸ್ ಎಲ್ಲವೂ ಒಂದೇ ಫೋನಿಗೆ ಬಂದು ಬೀಳುವ ಊರು ನಮ್ಮದು. ಮನೆಯಲ್ಲಿ ತುಳು, ಕ್ಲಾಸಿನಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ ಮಾತಾಡುವ ಹುಡುಗನಿಗೆ ಸುಳ್ಳು ಕೂಡ ಮೂರು ಭಾಷೆಯಲ್ಲಿ ಸಿಗುತ್ತದೆ.

ಇದು ಎಂಟರಿಂದ ಹತ್ತನೇ ತರಗತಿಯ ಮಕ್ಕಳಿಗೆ. ಹಿಟ್ಲರ್ ಬರುವ ಪಾಠದ ಜೊತೆ ಸೇರಿಸಿಕೊಂಡರೆ ಐದಾರು ಪೀರಿಯಡ್ ಸಾಕಾಗುತ್ತದೆ. ಸಮಾಜ ಪಾಠದವರು ಒಬ್ಬರೇ ಮಾಡಬೇಕಿಲ್ಲ, ಐಟಿ ಟೀಚರನ್ನೂ ಕರೆದುಕೊಳ್ಳಿ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಸುಳ್ಳುಗಳ ಪಟ್ಟಿ ಕಲಿಸಬೇಡಿ. ಪಟ್ಟಿ ಮುಗಿಯುವುದೇ ಇಲ್ಲ, ಇವತ್ತು ಒಂದನ್ನು ಬಿಡಿಸಿ ಹೇಳಿದರೆ ನಾಳೆ ಇನ್ನೊಂದು ಬರುತ್ತದೆ. ಅಚ್ಚು ಕಲಿಸಿ. ಯಾವ ಬೆಲ್ಲ ಹೊಯ್ದರೂ ಅಚ್ಚಿನಿಂದ ಬರುವ ಆಕಾರ ಒಂದೇ ಅಲ್ವಾ? ಏಳುನೂರು ವರ್ಷದಿಂದ ಈ ಕತೆಗಳ ಆಕಾರವೂ ಬದಲಾಗಿಲ್ಲ.

ಹೆಜ್ಜೆ 1: ಮೊದಲು ಮನುಷ್ಯರನ್ನು ಪರಿಚಯ ಮಾಡಿಸಿ

ಯಹೂದಿ ಎಂಬ ಶಬ್ದವನ್ನು ಮಗು ಮೊದಲ ಬಾರಿ ಕೇಳುವುದು ಗ್ಯಾಸ್ ಚೇಂಬರಿನ ಪಾಠದಲ್ಲೋ, ಯುದ್ಧದ ಸುದ್ದಿಯಲ್ಲೋ ಆದರೆ ಅವರು ಒಂದೋ ಹೆಣ, ಇಲ್ಲದಿದ್ದರೆ ಬಾಂಬು ಹಾಕುವವರು. ನಡುವೆ ಬದುಕಿದ ಮನುಷ್ಯರು ಕಾಣುವುದೇ ಇಲ್ಲ. ಹಾಗಾಗಿ ದ್ವೇಷದ ಕತೆಗೆ ಮುಂಚೆ ಒಂದು ಪೀರಿಯಡ್ ಬರೇ ಪರಿಚಯಕ್ಕೆ ಇಡಿ.

ದೂರ ಹೋಗಬೇಕಿಲ್ಲ, ಮಂಗಳೂರಿನಿಂದಲೇ ಶುರು ಮಾಡಿ. ಅಬ್ರಹಾಂ ಬೆನ್ ಯಿಜು ಅಂತ ಒಬ್ಬ ಯಹೂದಿ ವ್ಯಾಪಾರಿ ಇದ್ದ. ಮೂಲ ಟುನೀಶಿಯ. 12ನೇ ಶತಮಾನದಲ್ಲಿ, ಸುಮಾರು 1132ರಿಂದ 1149ರವರೆಗೆ, ನಮ್ಮ ಕರಾವಳಿಯಲ್ಲಿ ಇದ್ದ. ಕಂಚಿನ ಪಾತ್ರೆ ಮಾಡಿಸುವ ಕಾರ್ಖಾನೆ ನಡೆಸಿದ. ಕಾಳುಮೆಣಸು, ಅಡಿಕೆ, ಕಬ್ಬಿಣ ಯೆಮನ್ ದೇಶದ ಏಡನ್ ಬಂದರಿಗೆ ಕಳಿಸಿದ. ಇಲ್ಲಿಯದೇ ಹೆಂಗಸು ಅಶು ಎಂಬವಳೊಡನೆ ಸಂಸಾರ ಮಾಡಿದ. ಅವನ ಪರವಾಗಿ ಸಮುದ್ರ ದಾಟಿ ವ್ಯಾಪಾರಕ್ಕೆ ಹೋಗುತ್ತಿದ್ದ ಆಳಿನ ಹೆಸರು ಬೊಮ್ಮ. ಇಷ್ಟೆಲ್ಲ ನಮಗೆ ಗೊತ್ತಾಗಿದ್ದು ಕೈರೋದ ಒಂದು ಹಳೇ ಸಿನಗಾಗ್‌ನ (ಯಹೂದಿಗಳ ಪ್ರಾರ್ಥನಾ ಮಂದಿರದ) ಕೋಣೆಯಲ್ಲಿ ಉಳಿದಿದ್ದ ಕಾಗದಗಳಿಂದ. ಅಡಿಕೆ ತೋಟದ ಮನೆಯ ಮಕ್ಕಳಿಗೆ ಈ ಕತೆ ಹೇಳಿ ನೋಡಿ, ಕಿವಿ ನಿಮಿರುತ್ತದೆ.

ಆಮೇಲೆ ಕೊಚ್ಚಿ. ಮಟ್ಟಾಂಚೇರಿಯ ಪರದೇಶಿ ಸಿನಗಾಗ್ 1568ರದ್ದು, ಶಾಲೆಯ ಟೂರಿನಲ್ಲಿ ಹೋಗಿ ಬಂದ ಮಕ್ಕಳೂ ಇರಬಹುದು. ಬಾಂಗ್ಲಾದೇಶ ಹುಟ್ಟಿದ 1971ರ ಯುದ್ಧದಲ್ಲಿ ಢಾಕಾದ ಶರಣಾಗತಿಯ ಮಾತುಕತೆ ನಡೆಸಿದ ನಮ್ಮ ಸೇನೆಯ ಅಧಿಕಾರಿ ಜೆ.ಎಫ್.ಆರ್. ಜೇಕಬ್ ಯಹೂದಿ. ಕೊನೆಗೆ ಬೋರ್ಡಿನ ಮೇಲೆ ಒಂದೇ ಒಂದು ಲೆಕ್ಕ ಬರೆಯಿರಿ: ಲೋಕದ ಯಹೂದಿಗಳೆಲ್ಲ ಸೇರಿದರೂ ಸುಮಾರು ಒಂದೂವರೆ ಕೋಟಿ, ಅಂದರೆ ಕೇರಳದ ಜನಸಂಖ್ಯೆಯ ಅರ್ಧವೂ ಇಲ್ಲ. ಲೋಕ ಆಳುವವರು ಎಂಬ ಕತೆ ಮುಂದೆ ಬಂದಾಗ ಈ ಲೆಕ್ಕ ಕೆಲಸಕ್ಕೆ ಬರುತ್ತದೆ.

ಹೆಜ್ಜೆ 2: ಮಕ್ಕಳು ಏನು ಕೇಳಿದ್ದಾರೆ ಅಂತ ತಿಳಿಯಿರಿ

ಚೀಟಿ ಹಂಚಿ. ಹೆಸರು ಬೇಡ. ‘ಯಹೂದಿಗಳ ಬಗ್ಗೆ ನೀವು ಎಲ್ಲಾದರೂ ಕೇಳಿದ, ನೋಡಿದ ಒಂದು ವಿಷಯ ಬರೆಯಿರಿ. ಅದು ಸರಿಯೋ ತಪ್ಪೋ ಎಂಬ ಯೋಚನೆ ಬೇಡ.’ ಇಷ್ಟೇ. ಚೀಟಿಗಳನ್ನು ಕ್ಲಾಸಿನಲ್ಲಿ ಗಟ್ಟಿಯಾಗಿ ಓದಲೇಬೇಡಿ, ಮನೆಗೆ ಒಯ್ದು ವಿಂಗಡಿಸಿ. ಓದಿ ಹೇಳಿದರೆ ಒಬ್ಬನಿಗೆ ಮಾತ್ರ ಗೊತ್ತಿದ್ದ ಸುಳ್ಳು ಕ್ಲಾಸಿಗೆಲ್ಲ ಗೊತ್ತಾಗುತ್ತದೆ.

ಏನು ಬರಬಹುದು? ಹಿಟ್ಲರ್ ಹೇಳಿದ್ದೆನ್ನುವ ಒಂದು ಮಾತು. ಬ್ಯಾಂಕೆಲ್ಲ ರಾತ್‌ಶೀಲ್ಡ್ ಎಂಬ ಒಂದೇ ಯಹೂದಿ ಕುಟುಂಬದ್ದು ಎಂಬುದು. ಡಾಲರ್ ನೋಟಿನ ಮೇಲಿನ ತ್ರಿಕೋನ, ಒಂಟಿ ಕಣ್ಣು, ಲೋಕವನ್ನು ಗುಟ್ಟಾಗಿ ಆಳುತ್ತದಂತೆ ಎನ್ನುವ ಇಲ್ಯುಮಿನಾಟಿ. ಈ ಕೊನೆಯದನ್ನು ಮಕ್ಕಳು ತಮಾಷೆಗೆ ಡೆಸ್ಕಿನ ಮೇಲೆ ಗೀಚುತ್ತಾರೆ, ಅದಕ್ಕೆ ಬೈಯಬೇಡಿ. ಇಲ್ಯುಮಿನಾಟಿ ಅಂತ ಒಂದು ಗುಂಪು ನಿಜಕ್ಕೂ ಇತ್ತು, 1776ರಲ್ಲಿ ಜರ್ಮನಿಯ ಬವೇರಿಯದಲ್ಲಿ ಶುರುವಾಯಿತು, ಹತ್ತು ವರ್ಷದೊಳಗೆ ಅಲ್ಲಿಯ ಸರ್ಕಾರ ಅದನ್ನು ನಿಷೇಧಿಸಿತು, ಕತೆ ಮುಗಿಯಿತು ಅಂತ ಹೇಳಿ ಮುಂದೆ ಹೋಗಿ.

ಹೆಜ್ಜೆ 3: ‘ದೊಡ್ಡವರು ನಿಜವಾಗಿಯೂ ಮೋಸ ಮಾಡುತ್ತಾರಲ್ಲ ಟೀಚರ್?’

ಜಾಣ ಮಗು ಈ ಪ್ರಶ್ನೆ ಕೇಳಿಯೇ ಕೇಳುತ್ತದೆ. ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದೇ. ಇದಕ್ಕೆ ಸರಿಯಾದ ಉತ್ತರ ಕೊಡದೆ ‘ಹಾಗೆಲ್ಲ ಸಂಶಯ ಪಡಬಾರದು’ ಅಂದರೆ ನಿಮ್ಮ ಪಾಠ ಅಲ್ಲಿಗೇ ಮುಗಿಯಿತು. ಯಾಕೆಂದರೆ ಕಾಸರಗೋಡಿನ ಮಗುವಿಗೆ ಎಂಡೋಸಲ್ಫಾನ್ ಗೊತ್ತು.

ಹಾಗಾದರೆ ಎಂಡೋಸಲ್ಫಾನನ್ನೇ ತೆಗೆದುಕೊಳ್ಳಿ. ಸರ್ಕಾರಿ ನಿಗಮದ ಗೇರು ತೋಟಗಳ ಮೇಲೆ ಎರಡು ದಶಕಗಳಷ್ಟು ಕಾಲ, 2000ದವರೆಗೂ, ಹೆಲಿಕಾಪ್ಟರಿನಿಂದ ಈ ಕೀಟನಾಶಕ ಸುರಿದರು. ಎಣ್ಮಕಜೆಯ ಪಡ್ರೆಯಂಥ ಊರುಗಳಲ್ಲಿ ಜನ ಸಂಶಯಪಟ್ಟರು. ವಾಣೀನಗರದ ಡಾಕ್ಟರ್ ಮೋಹನ್ ಕುಮಾರ್ ತಮ್ಮ ಬಳಿ ಬರುವ ರೋಗಿಗಳಲ್ಲಿ ವಿಚಿತ್ರವಾದ ಕಾಯಿಲೆ ಜಾಸ್ತಿ ಇದೆ ಅಂತ ಬರೆದರು. ಪತ್ರಕರ್ತ ಶ್ರೀ ಪಡ್ರೆ ಅದನ್ನು ಹೊರಗಿನವರಿಗೆ ತಿಳಿಸಿದರು. ಲೀಲಾಕುಮಾರಿ ಅಮ್ಮ ಕೋರ್ಟಿಗೆ ಹೋದರು. ಮಣ್ಣು, ನೀರು, ರಕ್ತ ಎಲ್ಲ ಲ್ಯಾಬಿಗೆ ಹೋಯಿತು. ಬಂದ ವರದಿಗಳ ಮೇಲೆ ವರ್ಷಗಟ್ಟಲೆ ಜಗಳ ಆಯಿತು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ನಿಷೇಧ ಹಾಕಿತು, 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಹೇಳಿತು.

ಈಗ ಬೋರ್ಡಿನ ನಡುವೆ ಗೆರೆ ಎಳೆಯಿರಿ. ಎಡಗಡೆ ಎಂಡೋಸಲ್ಫಾನ್, ಬಲಗಡೆ ‘ಲೋಕವನ್ನೆಲ್ಲ ಯಹೂದಿಗಳು ಗುಟ್ಟಾಗಿ ಆಳುತ್ತಾರೆ’. ಮಕ್ಕಳನ್ನೇ ಕೇಳುತ್ತಾ ಹೋಗಿ. ಯಾರು ಮಾಡಿದ್ದು? ಎಡಗಡೆ ಒಂದು ನಿಗಮ, ಕಡತ, ಸಹಿ ಹಾಕಿದ ಅಧಿಕಾರಿಗಳು. ಬಲಗಡೆ? ‘ಅವರು’. ಎಲ್ಲಿ, ಯಾವಾಗ? ಎಡಗಡೆ ಇಂಥ ತೋಟ, ಇಂಥ ವರ್ಷ. ಬಲಗಡೆ ಎಲ್ಲಾ ಕಡೆ, ಯಾವಾಗಲೂ. ಲ್ಯಾಬಿನ ವರದಿ ಬೇರೆ ಬಂದಿದ್ದರೆ ಜನರ ಮಾತು ತಪ್ಪಾಗುವ ಸಾಧ್ಯತೆ ಇತ್ತಾ? ಇತ್ತು, ಆ ಧೈರ್ಯದಿಂದಲೇ ಅವರು ಪರೀಕ್ಷೆ ಮಾಡಿಸಿದ್ದು. ಬಲಗಡೆಯ ಕತೆಯನ್ನು ತಪ್ಪು ಅಂತ ತೋರಿಸಲು ಯಾವ ಪರೀಕ್ಷೆ ಇದೆ? ಇಲ್ಲ. ಕೊನೆಯ ಪ್ರಶ್ನೆ: ಪಡ್ರೆಯ ಜನ ಯಾವುದಾದರೂ ಜಾತಿಯನ್ನೋ ಮತವನ್ನೋ ದೂರಿದರಾ? ಯಾರು ಔಷಧಿ ಸುರಿದರೋ ಅವರನ್ನು ದೂರಿದರು, ಅಷ್ಟೇ.

ಇದಕ್ಕೆ ಒಂದಿಡೀ ಪೀರಿಯಡ್ ಕೊಡಿ, ಅವಸರ ಮಾಡಬೇಡಿ. ಸಂಶಯ ಪಡುವುದು ತಪ್ಪಲ್ಲ, ಸಂಶಯಕ್ಕೆ ದಾಖಲೆ ಹುಡುಕುವುದು ಒಂದು ದಾರಿ, ಒಂದು ಜನಾಂಗವನ್ನು ಹುಡುಕುವುದು ಇನ್ನೊಂದು ದಾರಿ ಎಂಬುದು ಮಕ್ಕಳ ಬಾಯಲ್ಲೇ ಬರಬೇಕು.

ಹೆಜ್ಜೆ 4: ಅಚ್ಚನ್ನು ಬಿಚ್ಚಿ ತೋರಿಸಿ

ಈಗ 1348ರ ಯೂರೋಪಿಗೆ ಹೋಗಿ. ಪ್ಲೇಗು. ಜನ ಹುಳುಗಳ ಹಾಗೆ ಸಾಯುತ್ತಿದ್ದಾರೆ, ಕಾರಣ ಯಾರಿಗೂ ಗೊತ್ತಿಲ್ಲ. ಪ್ಲೇಗಿನ ಬ್ಯಾಕ್ಟೀರಿಯ ಪತ್ತೆಯಾಗಿದ್ದೇ 1894ರಲ್ಲಿ. ಆಗ ಹಬ್ಬಿದ ಮಾತು: ಯಹೂದಿಗಳು ಬಾವಿಗೆ ವಿಷ ಹಾಕಿದ್ದಾರೆ. ಮನೆಗೊಂದು ಬಾವಿ, ಗುಡ್ಡಕ್ಕೊಂದು ನೀರಿನ ಸುರಂಗ ಇರುವ ನಮ್ಮ ಕಡೆಯ ಮಕ್ಕಳಿಗೆ ಆ ಭಯ ಎಂಥದ್ದು ಅಂತ ವಿವರಿಸಬೇಕಿಲ್ಲ. 1349ರ ಫೆಬ್ರವರಿಯಲ್ಲಿ ಸ್ಟ್ರಾಸ್‌ಬರ್ಗ್ ಎಂಬ ಪೇಟೆಯಲ್ಲಿ ನೂರಾರು ಯಹೂದಿಗಳನ್ನು ಸುಟ್ಟು ಕೊಂದರು. ಇಲ್ಲಿ ಸ್ವಲ್ಪ ನಿಲ್ಲಿಸಿ ಎರಡು ವಿಷಯ ಹೇಳಿ. ಒಂದು, ಆ ಪೇಟೆಗೆ ಪ್ಲೇಗು ಆಗಿನ್ನೂ ಬಂದೇ ಇರಲಿಲ್ಲ. ಎರಡು, ಕೊಂದ ಮೇಲೆ ಅವರಿಂದ ತೆಗೆದುಕೊಂಡಿದ್ದ ಸಾಲವೆಲ್ಲ ಮನ್ನಾ ಆಯಿತು. ಯಹೂದಿಗಳೂ ಇದೇ ರೋಗದಲ್ಲಿ ಸಾಯುತ್ತಿದ್ದಾರಲ್ಲ ಅಂತ ಅದರ ಹಿಂದಿನ ವರ್ಷವೇ ಪೋಪ್ ಆರನೇ ಕ್ಲೆಮೆಂಟ್ ಹೇಳಿದ್ದರೂ ಯಾರೂ ಕೇಳಲಿಲ್ಲ.

ಈ ಕತೆಯಿಂದ ಅಚ್ಚಿನ ಭಾಗಗಳನ್ನು ಮಕ್ಕಳೇ ಹೆಕ್ಕಲಿ. ದೊಡ್ಡ ಅನಾಹುತ, ಕಾರಣ ಗೊತ್ತಿಲ್ಲ. ಗುಟ್ಟಾಗಿ ಕೆಲಸ ಮಾಡುವ ಒಂದು ಸಣ್ಣ ಗುಂಪು. ಆಕಸ್ಮಿಕ ಎಂಬುದೇ ಇಲ್ಲ, ಎಲ್ಲ ಬೇಕೆಂದೇ ಮಾಡಿದ್ದು. ಸಾಕ್ಷಿ ಇಲ್ಲದಿದ್ದರೆ ಅದೇ ಸಾಕ್ಷಿ, ಎಷ್ಟು ಚೆನ್ನಾಗಿ ಮುಚ್ಚಿಟ್ಟಿದ್ದಾರೆ ನೋಡಿ! ಐದನೆಯದು ಸ್ವಲ್ಪ ಸೂಕ್ಷ್ಮ, ನೀವೇ ಹೇಳಿಕೊಡಬೇಕಾಗಬಹುದು: ಆ ಗುಂಪು ಒಂದೇ ಸಲಕ್ಕೆ ಎರಡು ವಿರುದ್ಧ ತಪ್ಪು ಮಾಡುತ್ತದೆ. ಬಂಡವಾಳಶಾಹಿಗಳೆಲ್ಲ ಯಹೂದಿಗಳು ಅಂದ ಬಾಯಿಯೇ ಕಮ್ಯುನಿಸ್ಟರೆಲ್ಲ ಯಹೂದಿಗಳು ಅಂತಲೂ ಹೇಳಿತು. ಎರಡೂ ಹೇಗೆ ಸರಿಯಾಗುತ್ತದೆ ಅಂತ ಕೇಳಿ ಸುಮ್ನಿರಿ. ಮಕ್ಕಳು ತಲೆ ಓಡಿಸಲಿ.

ಮುಂದಿನ ಪೀರಿಯಡಿಗೆ ‘ಜಿಯೋನ್ ಹಿರಿಯರ ನಡಾವಳಿ’. ಯಹೂದಿ ಮುಖಂಡರು ಗುಟ್ಟಾಗಿ ಸೇರಿ ಲೋಕ ಗೆಲ್ಲುವ ಯೋಜನೆ ಹಾಕಿದ ವರದಿ ಅಂತ 1903ರಲ್ಲಿ ರಷ್ಯಾದ ಒಂದು ಪತ್ರಿಕೆಯಲ್ಲಿ ಬಂತು. ಇವತ್ತಿನ ಅರ್ಧ ರೀಲ್ಸ್‌ಗೆ ಇದೇ ಅಜ್ಜ. 1921ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಯ ಫಿಲಿಪ್ ಗ್ರೇವ್ಸ್ ಇದನ್ನು 1864ರ ಒಂದು ಫ್ರೆಂಚ್ ಪುಸ್ತಕದ ಪಕ್ಕದಲ್ಲಿಟ್ಟು ತೋರಿಸಿದ. ಎಷ್ಟೋ ಕಡೆ ಸಾಲಿಗೆ ಸಾಲು ಕಾಪಿ. ಮೋರಿಸ್ ಜೋಲಿ ಬರೆದ ಆ ಮೂಲ ಪುಸ್ತಕ ಫ್ರಾನ್ಸಿನ ಚಕ್ರವರ್ತಿ ಮೂರನೇ ನೆಪೋಲಿಯನ್ನನನ್ನು ಛೇಡಿಸುವುದಕ್ಕೆ ಬರೆದದ್ದು, ಅದರಲ್ಲಿ ಯಹೂದಿಗಳ ಸುದ್ದಿಯೇ ಇರಲಿಲ್ಲ.

ಕಾಪಿ ಹಿಡಿಯುವುದನ್ನು ಮಕ್ಕಳಿಂದಲೇ ಮಾಡಿಸಿ. ನಡಾವಳಿಯ ಪಠ್ಯ ಕೊಡಬೇಡಿ, ಅಗತ್ಯವಿಲ್ಲ. ನೀವೇ ಎರಡು ಪ್ಯಾರಾ ಬರೆಯಿರಿ. ಮೊದಲನೆಯದರಲ್ಲಿ ಒಬ್ಬ ಕಲ್ಪಿತ ರಾಜ ‘ಪತ್ರಿಕೆಗಳನ್ನೆಲ್ಲ ನನ್ನ ಮುಷ್ಟಿಯಲ್ಲಿ ಇಟ್ಟುಕೊಳ್ಳುತ್ತೇನೆ, ನನ್ನನ್ನು ಬೈಯುವ ಪತ್ರಿಕೆಯನ್ನೂ ನಾನೇ ನಡೆಸುತ್ತೇನೆ’ ಅಂತ ಜಂಬ ಕೊಚ್ಚಲಿ. ಎರಡನೆಯದರಲ್ಲಿ ಅದೇ ಮಾತು, ಅದೇ ಕ್ರಮ, ‘ನಾನು’ ಇದ್ದಲ್ಲಿ ‘ನೀಲಿ ಟೋಪಿಯವರು’. ಕೆಂಪು ಪೆನ್ನು ಕೊಟ್ಟು ಒಂದೇ ಥರ ಇರುವ ಕಡೆ ಗೆರೆ ಹಾಕಲು ಹೇಳಿ. ಕಾಪಿ ಹೊಡೆದವನನ್ನು ಹಿಡಿಯುವುದರಲ್ಲಿ ಹತ್ತನೇ ಕ್ಲಾಸಿನವರಿಗಿಂತ ಜಾಣರು ಯಾರೂ ಇಲ್ಲ, ಎಲ್ಲ ಸ್ವಂತ ಅನುಭವ.

ಗುಟ್ಟು ಬಯಲಾದ ಮೇಲೆ ಪುಸ್ತಕ ಸತ್ತು ಹೋಯಿತಾ? ಇಲ್ಲ. ಅಮೆರಿಕದಲ್ಲಿ ಕಾರು ಕಂಪನಿಯ ಹೆನ್ರಿ ಫೋರ್ಡ್ 1920ರಲ್ಲೇ ತನ್ನ ಪತ್ರಿಕೆಯಲ್ಲಿ ಇದನ್ನು ಹಂಚಲು ಶುರು ಮಾಡಿದ್ದ, ಕ್ಷಮೆ ಕೇಳಿದ್ದು 1927ರಲ್ಲಿ. ಇದು ನಕಲಿ ಅಂತ ಪತ್ರಿಕೆಯೊಂದು ಗೋಳಾಡುತ್ತಿರುವುದೇ ಅಸಲಿ ಎನ್ನುವುದಕ್ಕೆ ಪುರಾವೆ ಅಂತ ಹಿಟ್ಲರ್ ತನ್ನ ಆತ್ಮಕತೆಯಲ್ಲಿ ವಾದಿಸಿದ. ಅಚ್ಚಿನ ನಾಲ್ಕನೇ ಭಾಗ ಯಾವುದು ಅಂತ ಈಗ ಕೇಳಿ, ಉತ್ತರ ತಾನಾಗಿ ಬರುತ್ತದೆ.

ಹೆಜ್ಜೆ 5: ಒಂದು ಫಾರ್ವರ್ಡನ್ನು ಮೇಜಿನ ಮೇಲಿಟ್ಟು ಬಿಚ್ಚಿ

ಹಿಟ್ಲರನ ಫೋಟೊ, ಕೆಳಗೆ ಈ ಅರ್ಥದ ಸಾಲು: ಕೆಲವು ಯಹೂದಿಗಳನ್ನು ಉಳಿಸಿದ್ದೇನೆ, ಉಳಿದವರನ್ನು ಯಾಕೆ ಕೊಂದೆ ಅಂತ ಲೋಕಕ್ಕೆ ಮುಂದೆ ಗೊತ್ತಾಗಲಿ. ಗಾಜಾದಲ್ಲಿ ಯುದ್ಧ ಆದಾಗಲೆಲ್ಲ ಇದು ಓಡಾಡುತ್ತದೆ. ಫೋಟೊ ಪ್ರೊಜೆಕ್ಟರಿನಲ್ಲಿ ಹಾಕಬೇಡಿ, ದೊಡ್ಡದು ಮಾಡಿ ತೋರಿಸಿದ ಚಿತ್ರವೇ ತಲೆಯಲ್ಲಿ ಉಳಿಯುವುದು. ಬಾಯಲ್ಲಿ ಹೇಳಿದರೆ ಸಾಕು.

ಮೊದಲ ಪ್ರಶ್ನೆ: ಎಲ್ಲಿ ಹೇಳಿದ? ಯಾವ ಭಾಷಣ, ಯಾವ ದಿನ, ಯಾವ ಪುಟ? ಫಾರ್ವರ್ಡಿನಲ್ಲಿ ಅದು ಇರುವುದಿಲ್ಲ, ಯಾಕೆಂದರೆ ಹೇಳಿದ್ದಕ್ಕೆ ದಾಖಲೆಯೇ ಇಲ್ಲ. ಎರಡನೆಯದು: ಅವನ ಕೆಲಸಕ್ಕೂ ಈ ಮಾತಿಗೂ ತಾಳೆ ಆಗುತ್ತದಾ? ಇಲ್ಲಿ ಇಸವಿಗಳು ಸಹಾಯಕ್ಕೆ ಬರುತ್ತವೆ. 1942ರ ಜನವರಿ 20ರಂದು ಬರ್ಲಿನ್ನಿನ ವಾನ್ಸೇಯಲ್ಲಿ ಯಹೂದಿಗಳನ್ನು ಮುಗಿಸುವ ಯೋಜನೆಗೆ ನಾಜಿ ಅಧಿಕಾರಿಗಳು ಸಭೆ ಸೇರಿದರು. ಅಲ್ಲಿಟ್ಟ ಪಟ್ಟಿಯಲ್ಲಿ ಯೂರೋಪಿನ 1.1 ಕೋಟಿ ಯಹೂದಿಗಳ ಲೆಕ್ಕ ಇತ್ತು, ಜರ್ಮನಿ ಕಾಲಿಡದ ಐರ್ಲೆಂಡಿನ 4,000 ಜನ ಕೂಡ ಅದರಲ್ಲಿದ್ದರು. 1944ರಲ್ಲಿ ಸೋಲು ಕಣ್ಣೆದುರು ಇದ್ದಾಗಲೂ ಹಂಗೇರಿಯಿಂದ ಎರಡೇ ತಿಂಗಳಲ್ಲಿ ನಾಲ್ಕು ಲಕ್ಷಕ್ಕೂ ಜಾಸ್ತಿ ಯಹೂದಿಗಳನ್ನು ರೈಲಿಗೆ ತುಂಬಿ ಸಾವಿನ ಶಿಬಿರಕ್ಕೆ ಕಳಿಸಿದರು. ‘ಕೆಲವರನ್ನು ಉಳಿಸಿದ’ ಲಕ್ಷಣವಾ ಇದು? ಉಳಿದವರು ಉಳಿದದ್ದು ಅವನು ಸೋತ ಕಾರಣಕ್ಕೆ. ಸತ್ತ 60 ಲಕ್ಷದಲ್ಲಿ ಸುಮಾರು 15 ಲಕ್ಷ ಮಕ್ಕಳು.

ಮೂರನೆಯದು: ಈ ಸಾಲು ಓದುವವನಿಂದ ಏನನ್ನು ಒಪ್ಪಿಸಿಕೊಳ್ಳಲು ನೋಡುತ್ತದೆ? ಕೊಂದದ್ದು ಸರಿ ಅಂತ. ಗಾಜಾದ ಮಕ್ಕಳ ಮೇಲಿನ ಕರುಣೆಯಿಂದ ಶುರುವಾಗಿ ಬೇರೆ ಮಕ್ಕಳನ್ನು ಕೊಂದವನಿಗೆ ಲೈಕ್ ಕೊಡುವಲ್ಲಿಗೆ ಮುಟ್ಟಿಸುತ್ತದೆ.

ಅಂದ ಹಾಗೆ, ಶಿಸ್ತಿನ ಹೆಡ್‌ಮಾಸ್ಟರಿಗೆ (ಎಚ್.ಎಂ.) ‘ಹಿಟ್ಲರ್’ ಅಂತ ಅಡ್ಡಹೆಸರು ಇಡುವುದು, ‘ದೇಶಕ್ಕೆ ಅಂಥವನೊಬ್ಬ ಬೇಕಿತ್ತು’ ಅನ್ನುವುದು ಯಾವುದೋ ಒಂದು ಮತದವರ ಚಾಳಿಯಲ್ಲ. ಇಸ್ರೇಲಿಗೆ ಜೈ ಅನ್ನುತ್ತಲೇ ಹಿಟ್ಲರನ ಆತ್ಮಕತೆ ಕೊಂಡು ಓದಿ ಮೆಚ್ಚುವವರೂ ಇದ್ದಾರೆ.

ರಾತ್‌ಶೀಲ್ಡ್ ಬ್ಯಾಂಕಿನ ಕತೆಗೂ ಇದೇ ವಿಧಾನ. ನಮ್ಮ ರಿಸರ್ವ್ ಬ್ಯಾಂಕೂ ಅವರದ್ದೇ ಅಂದರೆ, ರಿಸರ್ವ್ ಬ್ಯಾಂಕಿನ ವೆಬ್‌ಸೈಟಿನಲ್ಲಿ ನೋಡಲು ಹೇಳಿ: 1949ರಿಂದ ಅದು ಭಾರತ ಸರ್ಕಾರದ್ದು. ಎರಡು ನಿಮಿಷದ ಕೆಲಸ.

ಹೆಜ್ಜೆ 6: ಪ್ಯಾಲೆಸ್ತೀನ್ ಮಾತು ಬಂದಾಗ

ಬರುತ್ತದೆ. ತಪ್ಪಿಸಿಕೊಳ್ಳಬೇಡಿ. ಗಾಜಾದ ಸುದ್ದಿ ನೋಡಿ ಮಗುವಿಗೆ ಸಿಟ್ಟು, ದುಃಖ ಆಗಿದ್ದರೆ ಅದನ್ನು ಹೇಳಲು ಕ್ಲಾಸಿನಲ್ಲಿ ಜಾಗ ಇರಬೇಕು. ಇಸ್ರೇಲಿನಲ್ಲಿ 2023ರ ಅಕ್ಟೋಬರ್ 7ರಂದು ಸತ್ತವರ ಬಗ್ಗೆ ದುಃಖ ಹೇಳುವ ಮಗುವಿಗೂ ಅಷ್ಟೇ ಜಾಗ. ನಿಮ್ಮ ಕೆಲಸ ತೀರ್ಪು ಕೊಡುವುದಲ್ಲ, ವಾಕ್ಯಗಳನ್ನು ಬೇರೆ ಬೇರೆ ಮಾಡಲು ಕಲಿಸುವುದು.

‘ಇಸ್ರೇಲ್ ಸರ್ಕಾರ ಗಾಜಾದ ಮೇಲೆ ಬಾಂಬು ಹಾಕಿದ್ದು ತಪ್ಪು.’ ಇದು ಒಂದು ಸರ್ಕಾರದ ಟೀಕೆ, ಯಾರು ಬೇಕಾದರೂ ಮಾಡಬಹುದು, ಇಸ್ರೇಲಿನ ಒಳಗೇ ಮಾಡುವವರಿದ್ದಾರೆ. ‘ಯಹೂದಿಗಳು ಅಂದರೇ ಹಾಗೆ, ರಕ್ತದಲ್ಲೇ ಬಂದದ್ದು.’ ಇದು ಒಂದು ಜನಾಂಗದ ಮೇಲಿನ ದ್ವೇಷ. ‘ಸುದ್ದಿ ಚಾನೆಲ್, ಅಮೆರಿಕ, ವಿಶ್ವಸಂಸ್ಥೆ ಎಲ್ಲ ಯಹೂದಿಗಳ ಕೈಗೊಂಬೆ.’ ಇದು ಅಚ್ಚಿನಿಂದ ಬಂದ ಕತೆ. ಇಂಥ ಹತ್ತು ಹನ್ನೆರಡು ವಾಕ್ಯ ಚೀಟಿಯಲ್ಲಿ ಬರೆದು ಮೂರು ಡಬ್ಬಿಗೆ ಹಾಕಿಸಿ. ಕೆಲವು ವಾಕ್ಯಗಳಿಗೆ ಜಗಳ ಆಗುತ್ತದೆ, ಆಗಲಿ. ಜಗಳ ಬಿಡಿಸಲು ಒಂದು ಪ್ರಶ್ನೆ: ‘ಯಹೂದಿ’ ಇದ್ದಲ್ಲಿ ನಿನ್ನ ಜಾತಿಯ, ನಿನ್ನ ಮತದ ಹೆಸರು ಹಾಕಿ ಓದು, ಹೇಗನ್ನಿಸುತ್ತದೆ?

ಇಲ್ಲೊಂದು ಎಚ್ಚರಿಕೆ. ನಾವು ತಾಳಮದ್ದಳೆಯ ಊರಿನವರು, ಇಬ್ಬರನ್ನು ಎದುರಾಬದುರು ಕೂರಿಸಿ ವಾದ ಮಾಡಿಸುವುದು ನಮಗೆ ರಕ್ತಗತ. ಈ ವಿಷಯಕ್ಕೆ ಅದು ಬೇಡವೇ ಬೇಡ. ‘ಯಹೂದಿಗಳು ಲೋಕ ಆಳುತ್ತಾರೆ, ಪರ ಮತ್ತು ವಿರೋಧ’ ಅಂತ ಚರ್ಚಾಸ್ಪರ್ಧೆ ಇಟ್ಟರೆ ಮಾತಿನಲ್ಲಿ ಚುರುಕಿರುವ ಮಗು ಸುಳ್ಳಿನ ಪರ ಗೆದ್ದು ಚಪ್ಪಾಳೆ ಗಿಟ್ಟಿಸುತ್ತದೆ. ಸುಳ್ಳಿಗೆ ಅರ್ಥ ಹೇಳುವ ವೇಷ ಕೊಡಬೇಡಿ.

ಹೆಜ್ಜೆ 7: ಈಗ ಅದೇ ಅಚ್ಚು ಹಿಡಿದು ಊರಿಗೆ ಬನ್ನಿ

ಇದನ್ನು ಕೊನೆಗೇ ಇಡಿ. ಮೊದಲೇ ಶುರು ಮಾಡಿದರೆ ಕ್ಲಾಸು ಎರಡು ಪಾಳಯ ಆಗಿ ಒಡೆಯುತ್ತದೆ.

2020ರ ಮಾರ್ಚ್ ನೆನಪಿಸಿ. ದೆಹಲಿಯ ತಬ್ಲೀಗಿ ಸಭೆಯ ಮೇಲೆ, ಆಮೇಲೆ ಮುಸ್ಲಿಮರೆಲ್ಲರ ಮೇಲೆ, ಬೇಕೆಂದೇ ಕೊರೋನಾ ಹರಡುತ್ತಿದ್ದಾರೆ ಎಂಬ ಕತೆ ಬಂತು. ಅದೇ ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ಸಭೆಗೆ ಬಂದಿದ್ದ ವಿದೇಶಿಯರ ಮೇಲಿನ ಕೇಸು ರದ್ದು ಮಾಡಿ, ಅವರನ್ನು ಬಲಿಪಶು ಮಾಡಿದಂತಿದೆ ಅಂದಿತು. ಆ ಮಾರ್ಚಿನಲ್ಲೇ ತಲಪಾಡಿಯಲ್ಲಿ ರಸ್ತೆ ಮುಚ್ಚಿ, ಮಂಗಳೂರಿನ ಆಸ್ಪತ್ರೆಗೆ ಹೋಗಬೇಕಾದ ನಮ್ಮವರು ಗಡಿಯಲ್ಲೇ ನಿಂತರು. ಕಾಸರಗೋಡಿನವರು ಅಂದರೇ ರೋಗದವರು ಎಂಬ ಮಾತನ್ನು ಎಲ್ಲ ಮತದವರೂ ಒಟ್ಟಿಗೆ ಕೇಳಿಸಿಕೊಂಡೆವು. 1348ರ ಬಾವಿಯ ಕತೆಯನ್ನು ಇದರ ಪಕ್ಕ ಇಟ್ಟು, ಯಾವ ಭಾಗ ಒಂದೇ, ಯಾವುದು ಬೇರೆ ಅಂತ ಬರೆಸಿ. ಬೇರೆ ಇರುವುದನ್ನೂ ಬರೆಸಿ, ಎಲ್ಲ ಒಂದೇ ಅನ್ನುವುದು ಸೋಮಾರಿತನ.

ಸುಳ್ಳು ಸುದ್ದಿಗೆ ಪ್ರಾಣ ಹೋಗುತ್ತದಾ ಅಂತ ಕೇಳುವವರಿಗೆ 2018ರ ಜುಲೈ ಇದೆ. ಮಕ್ಕಳ ಕಳ್ಳರು ಎಂಬ ವಾಟ್ಸ್‌ಆ್ಯಪ್ ವದಂತಿ ನಂಬಿ ಮಹಾರಾಷ್ಟ್ರದ ಧುಳೆ ಜಿಲ್ಲೆಯಲ್ಲಿ ಐವರನ್ನು, ಬೀದರ್ ಜಿಲ್ಲೆಯಲ್ಲಿ ಹೈದರಾಬಾದಿನಿಂದ ಬಂದಿದ್ದ ಒಬ್ಬ ಯುವಕನನ್ನು ಹೊಡೆದು ಕೊಂದರು.

ಹೆಜ್ಜೆ 8: ಮನೆಯಲ್ಲಿ ಏನು ಮಾಡುವುದು?

ಕ್ಲಾಸಿನಲ್ಲಿ ಎಲ್ಲ ಸುಲಭ. ಕಷ್ಟ ಇರುವುದು ಫ್ಯಾಮಿಲಿ ಗ್ರೂಪಿನಲ್ಲಿ ಮಾವ ಕಳಿಸಿದಾಗ. ಗ್ರೂಪಿನಲ್ಲೇ ‘ಮಾವ, ಇದು ಸುಳ್ಳು’ ಅಂತ ಹಾಕಿದರೆ ಮಾವನಿಗೆ ಅವಮಾನ, ಮಗುವಿಗೆ ಬೈಗುಳ, ಸುಳ್ಳು ಅಲ್ಲೇ ಇರುತ್ತದೆ. ಬದಲಿಗೆ ಒಬ್ಬರೇ ಇದ್ದಾಗ ಹೀಗೆ ಕೇಳಲು ಅಭ್ಯಾಸ ಮಾಡಿಸಿ:

‘ಮಾವ, ನಿನ್ನೆ ಹಿಟ್ಲರಂದು ಕಳಿಸಿದ್ದಿರಲ್ಲ, ಅದು ಯಾವಾಗ ಹೇಳಿದ್ದಂತೆ? ನಮಗೆ ಪಾಠದಲ್ಲಿದೆ, ಬರೆಯಬೇಕಿತ್ತು.’

‘ನಂಗೆಲ್ಲಿ ಗೊತ್ತು ಮಾರಾಯ್ತಿ, ಬಂತು, ಕಳಿಸಿದೆ.’

ಇಷ್ಟಾದರೆ ಸಾಕು. ಅಲ್ಲಿಗೆ ಬಿಡಲಿ. ಚಿತ್ರವಿದ್ದರೆ ಗೂಗಲ್ ಲೆನ್ಸ್‌ನಲ್ಲಿ ಹಾಕಿ ಮೊದಲು ಎಲ್ಲಿ ಬಂದಿತ್ತು ಅಂತ ನೋಡುವುದನ್ನು ಐಟಿ ಲ್ಯಾಬಿನಲ್ಲಿ ಮಾಡಿಸಿ. 2022ರಲ್ಲಿ ಕೇರಳದ ಶಾಲೆಗಳ ಐಟಿ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಕೈಟ್ ‘ಸತ್ಯಮೇವ ಜಯತೇ’ ಹೆಸರಿನಲ್ಲಿ ರಾಜ್ಯದ ಶಾಲೆಗಳಿಗೆ ಈ ತರಬೇತಿ ಕೊಟ್ಟಿದೆ, ಶಾಲೆಯ ಐಟಿ ಕ್ಲಬ್ಬಾದ ಲಿಟಲ್ ಕೈಟ್ಸ್‌ನ ಮಕ್ಕಳಿದ್ದರೆ ನಿಮ್ಮ ಅರ್ಧ ಕೆಲಸ ಅವರೇ ಮಾಡುತ್ತಾರೆ. ಒಂದು ನಿಯಮ ಮಾತ್ರ ಗಟ್ಟಿ: ‘ನೋಡಿ ಎಷ್ಟು ದೊಡ್ಡ ಸುಳ್ಳು’ ಅಂತ ಬರೆದೂ ಆ ಚಿತ್ರವನ್ನು ಮುಂದೆ ಕಳಿಸಬಾರದು. ನೋಡುವವರು ಚಿತ್ರ ನೋಡುತ್ತಾರೆ, ನಿಮ್ಮ ಸಾಲನ್ನಲ್ಲ.

ಪರೀಕ್ಷೆ ಮತ್ತು ಪಿಟಿಎ (ಪೋಷಕ-ಶಿಕ್ಷಕರ ಸಂಘ)

ಮಕ್ಕಳ ಅಭಿಪ್ರಾಯಕ್ಕೆ ಮಾರ್ಕು ಕೊಡಬೇಡಿ. ‘ಯಹೂದಿ ದ್ವೇಷ ತಪ್ಪು, ವಿವರಿಸಿ’ ಅಂದರೆ ಎಲ್ಲರೂ ಕಂಠಪಾಠ ಒಪ್ಪಿಸುತ್ತಾರೆ. ಬದಲಿಗೆ ಯಾವುದೂ ಅಲ್ಲದ ಒಂದು ಊರು, ಯಾರೂ ಅಲ್ಲದ ಒಂದು ಜನ ಇಟ್ಟು ಹೊಸ ವದಂತಿ ಕಟ್ಟಿ. ಹತ್ತು ಸಾಲು ಸಾಕು. ಅದರಲ್ಲಿ ಅಚ್ಚಿನ ಭಾಗಗಳನ್ನು ಗುರುತಿಸಿ, ನಿಜವೋ ಅಂತ ತಿಳಿಯಲು ಯಾರನ್ನು, ಏನನ್ನು ಕೇಳುತ್ತೀರಿ ಬರೆಯಿರಿ ಅಂತ ಕೇಳಿ. ಎರಡನೆಯದಕ್ಕೆ ಮಾರ್ಕು ಜಾಸ್ತಿ ಇಡಿ.

ಪಾಠ ಶುರು ಮಾಡುವ ಮುಂಚೆಯೇ ಎಚ್.ಎಂ.ಗೆ ಒಂದು ಪುಟದ ಟಿಪ್ಪಣಿ ಕೊಟ್ಟಿರಿ, ಎಂಡೋಸಲ್ಫಾನ್ ಪೀರಿಯಡನ್ನು ಅದರಲ್ಲಿ ಮೊದಲು ಬರೆಯಿರಿ. ‘ಮಾಷ್ಟ್ರು ಇಸ್ರೇಲ್ ಪರ’ ಅಂತ ಒಬ್ಬ ಅಪ್ಪ, ‘ಮಾಷ್ಟ್ರು ಪ್ಯಾಲೆಸ್ತೀನ್ ಪರ’ ಅಂತ ಇನ್ನೊಬ್ಬ ಅಪ್ಪ ಒಂದೇ ವಾರ ಫೋನ್ ಮಾಡುವ ಸಂಭವ ಇದೆ. ಫೋನಿನಲ್ಲಿ ವಾದಕ್ಕೆ ಇಳಿಯಬೇಡಿ. ಶಾಲೆಗೆ ಕರೆಸಿ, ಮೂರು ಡಬ್ಬಿಯ ಚೀಟಿಗಳನ್ನು ಮುಂದಿಟ್ಟು, ಅವರಿಂದಲೇ ವಿಂಗಡಣೆ ಮಾಡಿಸಿ.